ಚಂದ್ರಕಲೆಯ ಲೆಕ್ಕ: ಒಂದು ಚೆಂಡು, ಒಂದು ಬಲ್ಬು, ಕೆಲವು ಸಂಜೆಗಳು

ಚಂದ್ರ ದಿನಕ್ಕೊಂದು ಆಕಾರ ತಾಳುವುದು ಭೂಮಿಯ ನೆರಳಿನಿಂದ ಅಲ್ಲವೇ? ಅಮಾವಾಸ್ಯೆಯಂದು ಅವನು ಎಲ್ಲಿರುತ್ತಾನೆ? ಹಗಲು ಹೊತ್ತಿನಲ್ಲೂ ಕಾಣುತ್ತಾನಲ್ಲ, ಅದು ಹೇಗೆ? ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೂರಕ್ಕೂ ಉತ್ತರ ಒಂದೇ ಕಡೆ ಇದೆ. ಗ್ರಹಣದ ಹೊತ್ತು ಬಿಟ್ಟರೆ ಚಂದ್ರನ ಅರ್ಧಭಾಗಕ್ಕೆ ಸದಾ ಬಿಸಿಲು ಬೀಳುತ್ತಲೇ ಇರುತ್ತದೆ. ಆ ಬಿಸಿಲ ಭಾಗದಲ್ಲಿ ಎಷ್ಟು ಪಾಲು ನಮ್ಮ ಕಡೆಗೆ ತಿರುಗಿದೆ ಎನ್ನುವುದೇ ಚಂದ್ರಕಲೆ. ಆಕಾಶದಲ್ಲಿ ಸೂರ್ಯನಿಂದ ಚಂದ್ರ ಎಷ್ಟು ಸರಿದು ನಿಂತಿದ್ದಾನೆ ಎಂಬ ಒಂದೇ ಸಂಗತಿ ಅದನ್ನು ತೀರ್ಮಾನಿಸುತ್ತದೆ. ಹಾಗಾಗಿ ಆಕಾರ ಗೊತ್ತಾದರೆ ಅವನು ಯಾವ ಹೊತ್ತಿಗೆ ಯಾವ ದಿಕ್ಕಿನಲ್ಲಿರಬೇಕು ಎಂಬುದೂ ಗೊತ್ತಾಗುತ್ತದೆ. ಈ ನಂಟು ಕೈಗೆ ಸಿಗುವವರೆಗೆ ಕಲೆಗಳ ಹೆಸರು ಬಾಯಿಪಾಠ ಮಾಡಿ ಏನೂ ಉಪಯೋಗವಿಲ್ಲ.

ಬೇಕಾಗುವ ಸಾಮಾನು

ಬಿಳಿ ಚೆಂಡು ಒಂದು, 5ರಿಂದ 8 ಸೆಂ.ಮೀ. ಅಗಲದ್ದು. ಟೇಬಲ್ ಟೆನಿಸ್ ಚೆಂಡು ಬೇಡ; ಅದರೊಳಗಿಂದ ಬೆಳಕು ಹಾಯ್ದು ಕತ್ತಲ ಭಾಗವೂ ಮಂಕಾಗಿ ಬೆಳಗುತ್ತದೆ. ಹೊಳೆಯುವ ಪ್ಲಾಸ್ಟಿಕ್ ಚೆಂಡೂ ಬೇಡ. ಬಲ್ಬಿನ ಪ್ರತಿಬಿಂಬ ಅದರ ಮೇಲೆ ಚುಕ್ಕಿಯಾಗಿ ಕುಳಿತು ದಾರಿ ತಪ್ಪಿಸುತ್ತದೆ. ರಬ್ಬರ್ ಚೆಂಡಿಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದು, ಹಿಡಿದುಕೊಳ್ಳಲು ಒಂದು ಪೆನ್ಸಿಲ್ ಚುಚ್ಚಿದರೆ ಸಾಕು.

ಮುಚ್ಚಳ, ಶೇಡ್ ಏನೂ ಇಲ್ಲದ ಒಂದು ಬಲ್ಬು. ಟಾರ್ಚ್ ಆಗದು, ನೀವು ಸುತ್ತ ತಿರುಗುವಾಗ ಚೆಂಡು ಅದರ ಬೆಳಕಿನ ಪಟ್ಟೆಯಿಂದ ಹೊರಗೆ ಹೋಗಿಬಿಡುತ್ತದೆ. ಎಲ್‌ಇಡಿ ಬಲ್ಬಾದರೆ ಅದರ ಬಿಳಿ ಗುಮ್ಮಟ ನಿಮ್ಮತ್ತ ಮುಖ ಮಾಡಿರಲಿ, ಹಿಂಬದಿಗೆ ಅದು ಹೆಚ್ಚು ಬೆಳಕು ಚೆಲ್ಲುವುದಿಲ್ಲ. ಇದಲ್ಲದೆ ಒಂದು ನೋಟ್‌ಬುಕ್ಕು, ಒಂದೂವರೆ ಮೀಟರ್ ದಾರ, ಟೇಪು.

ಕೋನ ಅಳೆಯಲು ನಿಮ್ಮ ಕೈಯೇ ಸಾಕು. ತೋಳನ್ನು ಪೂರ್ತಿ ಚಾಚಿದಾಗ ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ, ಮುಷ್ಟಿಯ ಅಗಲ 10 ಡಿಗ್ರಿ, ಗೇಣು 20 ಡಿಗ್ರಿ. ಮಕ್ಕಳ ಕೈ ಚಿಕ್ಕದಾದರೂ ತೋಳೂ ಅಷ್ಟೇ ಗಿಡ್ಡ, ಹಾಗಾಗಿ ಅಳತೆ ಹೆಚ್ಚುಕಡಿಮೆ ಅದೇ. ಚಂದ್ರನ ಅಗಲ ಅರ್ಧ ಡಿಗ್ರಿ, ಅಂದರೆ ಕಿರುಬೆರಳಿನ ಅರ್ಧ. ನಂಬಿಕೆ ಬಾರದಿದ್ದರೆ ಇವತ್ತೇ ಅಡ್ಡ ಹಿಡಿದು ನೋಡಿ.

ಹಂತ 1: ಚಂದ್ರ ಎಂದರೆ ಏನು

ನಕ್ಷತ್ರವನ್ನಲ್ಲ, ಒಂದು ಗ್ರಹವನ್ನೋ ಅದಕ್ಕಿಂತ ಚಿಕ್ಕ ಕಾಯವನ್ನೋ ಸುತ್ತುವ ನೈಸರ್ಗಿಕ ಕಾಯವೇ ಉಪಗ್ರಹ. ನಮ್ಮ ಉಪಗ್ರಹದ ಹೆಸರು ಚಂದ್ರ. ಮಾತಿನ ರೂಢಿಯಲ್ಲಿ ಬೇರೆ ಗ್ರಹಗಳ ಉಪಗ್ರಹಗಳನ್ನೂ 'ಚಂದ್ರ'ಗಳೆಂದೇ ಕರೆಯುತ್ತೇವೆ. 1610ರಲ್ಲಿ ಗೆಲಿಲಿಯೋ ಗುರುಗ್ರಹದ ಸುತ್ತ ನಾಲ್ಕು ಚಂದ್ರಗಳನ್ನು ಕಂಡ ಮೇಲೆ ಈ ರೂಢಿ ಅನಿವಾರ್ಯವಾಯಿತು. ಬುಧ, ಶುಕ್ರಗಳಿಗೆ ಒಂದೂ ಇಲ್ಲ. ಮಂಗಳಕ್ಕೆ ಎರಡು. 2025ರ ಮಾರ್ಚ್ ಹೊತ್ತಿಗೆ ಶನಿಯ ಖಾತೆಯಲ್ಲಿ 274 ಸೇರಿದ್ದವು.

ಗಾತ್ರದ ಮೇಲೆ ಚಂದ್ರ ಹೌದೋ ಅಲ್ಲವೋ ಎಂದು ಹೇಳಲಾಗದು. ಗುರುವಿನ ಗ್ಯಾನಿಮೀಡ್ 5,268 ಕಿ.ಮೀ. ಅಗಲ, ಬುಧಗ್ರಹಕ್ಕಿಂತ ದೊಡ್ಡದು, ಆದರೂ ಉಪಗ್ರಹವೇ. ಇನ್ನೊಂದು ತುದಿಯಲ್ಲಿ, ಇಡಾ ಎಂಬ ಕ್ಷುದ್ರಗ್ರಹವನ್ನು ಸುತ್ತುವ ಡ್ಯಾಕ್ಟೈಲ್ ಒಂದೂವರೆ ಕಿ.ಮೀ. ಕೂಡ ಇಲ್ಲ. ಇಷ್ಟಕ್ಕಿಂತ ಚಿಕ್ಕದಿದ್ದರೆ ಉಪಗ್ರಹವಲ್ಲ ಎಂಬ ಅಧಿಕೃತ ಕೆಳಮಿತಿ ಯಾವುದೂ ಇಲ್ಲ. ನೋಡಬೇಕಾದ್ದು ಯಾವುದನ್ನು ಸುತ್ತುತ್ತದೆ ಎಂಬುದನ್ನು ಮಾತ್ರ.

ಚಂದ್ರಕಲೆಗೆ ಬೇಕಾದ ಇನ್ನೊಂದು ಗುಣ: ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ಹುಣ್ಣಿಮೆಯ ಚಂದ್ರ ಬೆಳ್ಳಗೆ ಹೊಳೆದರೂ ಅವನ ನೆಲ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹಿಂದಿರುಗಿಸುವುದು ಸುಮಾರು ಶೇ. 12 ಮಾತ್ರ. ಸವೆದ ಡಾಂಬರು ರಸ್ತೆಯೂ ಹೆಚ್ಚುಕಡಿಮೆ ಅಷ್ಟೇ ಕಪ್ಪು. ಸುತ್ತಲ ಆಕಾಶ ಇನ್ನೂ ಕಪ್ಪಾಗಿರುವುದರಿಂದ ನಮ್ಮ ಕಣ್ಣಿಗೆ ಬೆಳ್ಳಿಯಾಗಿ ಕಾಣುತ್ತದೆ.

ಹಂತ 2: ಮೊದಲು ಅಳತೆ ಸರಿಪಡಿಸಿಕೊಳ್ಳಿ

ಪುಸ್ತಕದ ಚಿತ್ರಗಳಲ್ಲಿ ಭೂಮಿ, ಚಂದ್ರ ಪಕ್ಕಪಕ್ಕದಲ್ಲೇ ಇರುತ್ತವೆ. ನೆರಳಿನ ತಪ್ಪು ಕಲ್ಪನೆ ಹುಟ್ಟುವುದು ಅಲ್ಲಿಂದಲೇ. 1 ಸೆಂ.ಮೀ.ಗೆ 1,000 ಕಿ.ಮೀ. ಎಂದಿಟ್ಟುಕೊಂಡು ನೀವೇ ಒಂದು ಮಾದರಿ ಮಾಡಿ.

ಭೂಮಿಯ ವ್ಯಾಸ 12,742 ಕಿ.ಮೀ., ಅಂದರೆ 12.7 ಸೆಂ.ಮೀ.ನ ಚೆಂಡು. ಚಂದ್ರನ ವ್ಯಾಸ 3,474 ಕಿ.ಮೀ., ಅಂದರೆ 3.5 ಸೆಂ.ಮೀ. ಗೋಲಿ. ಎರಡರ ನಡುವಿನ ಸರಾಸರಿ ದೂರ 3,84,400 ಕಿ.ಮೀ. ಟೇಪು ಹಿಡಿದು 3 ಮೀಟರ್ 84 ಸೆಂ.ಮೀ. ದೂರದಲ್ಲಿ ಗೋಲಿ ಇಡಿ. ಅಷ್ಟು ದೂರ ಯಾರೂ ಊಹಿಸಿರುವುದಿಲ್ಲ; ಅಳೆಯದೆ ಇಡಲು ಹೇಳಿದರೆ ಹೆಚ್ಚಿನವರು ಅರ್ಧ ಮೀಟರಿನೊಳಗೆ ಇಟ್ಟುಬಿಡುತ್ತಾರೆ. ಇದೇ ಅಳತೆಯಲ್ಲಿ ಸೂರ್ಯ 14 ಮೀಟರ್ ಅಗಲದ ಗೋಳ, ಒಂದೂವರೆ ಕಿ.ಮೀ. ಆಚೆ. ಅಷ್ಟು ದೂರದಿಂದ ಬರುವ ಬಿಸಿಲು ಭೂಮಿಗೂ ಚಂದ್ರನಿಗೂ ಒಂದೇ ದಿಕ್ಕಿನಿಂದ ಬೀಳುತ್ತದೆ.

ಈಗ ಭೂಮಿಯ ನೆರಳು ನೋಡಿ. ಸೂರ್ಯನಿಗೆ ಬೆನ್ನಾದ ದಿಕ್ಕಿನಲ್ಲಿ ಅದು ಕೂರಾಗುತ್ತ ಚಾಚಿಕೊಂಡು, ಗೋಲಿಯ ದೂರ ತಲುಪುವಷ್ಟರಲ್ಲಿ ಸುಮಾರು 9 ಸೆಂ.ಮೀ. ಅಗಲ ಉಳಿದಿರುತ್ತದೆ. ಗೋಲಿ ಸುತ್ತುವ ವೃತ್ತದ ಒಟ್ಟು ಉದ್ದ 24 ಮೀಟರ್. ಅದರಲ್ಲಿ ಒಂದೇ ಕಡೆ, ಅದೂ 9 ಸೆಂ.ಮೀ. ಜಾಗದಲ್ಲಿ ಮಾತ್ರ ನೆರಳಿದೆ. ತಿಂಗಳಿಡೀ ಕಾಣುವ ಆಕಾರಗಳಿಗೆ ಇಷ್ಟು ಚೂರು ನೆರಳು ಕಾರಣವಾಗಲು ಸಾಧ್ಯವೇ ಇಲ್ಲ. ಗೋಲಿಯನ್ನು ಹಾಗೇ ಬಿಟ್ಟಿರಿ, 7ನೇ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

ಹಂತ 3: ಕತ್ತಲ ಕೋಣೆಯಲ್ಲಿ ಚೆಂಡು

ಕಿಟಕಿ ಮುಚ್ಚಿ. ಗೋಡೆ ತೀರ ಬೆಳ್ಳಗಿದ್ದರೆ ಬೆಳಕು ಹೊರಳಿ ಬಂದು ಚೆಂಡಿನ ಕತ್ತಲ ಭಾಗವನ್ನು ತೊಳೆದುಬಿಡುತ್ತದೆ, ಆದ್ದರಿಂದ ಗೋಡೆಯಿಂದ ದೂರ ನಿಲ್ಲಿ. ಬಲ್ಬು ನಿಮ್ಮ ಕಣ್ಣಿನ ಮಟ್ಟದಲ್ಲಿ, ಕನಿಷ್ಠ 2 ಮೀಟರ್ ದೂರದಲ್ಲಿರಲಿ. ಬಲ್ಬು ಸೂರ್ಯ, ಚೆಂಡು ಚಂದ್ರ, ನಿಮ್ಮ ತಲೆಯೇ ಭೂಮಿ.

ಅ) ಬಲ್ಬಿಗೆ ಎದುರಾಗಿ ನಿಂತು, ತೋಳು ಚಾಚಿ, ಚೆಂಡನ್ನು ಬಲ್ಬಿನ ನೇರಕ್ಕೆ, ಚೂರು ಮೇಲೆ ಹಿಡಿಯಿರಿ. ಚೆಂಡಿನ ಬೆಳಗಿದ ಭಾಗ ಪೂರ್ತಿ ಆಚೆ ಕಡೆಗಿದೆ. ಇದು ಅಮಾವಾಸ್ಯೆ. ಚಂದ್ರ ಎಲ್ಲಿಗೂ ಹೋಗಿಲ್ಲ, ಸೂರ್ಯನ ದಿಕ್ಕಿನಲ್ಲೇ ಇದ್ದಾನೆ.

ಆ) ಚಾಚಿದ ಕೈ ಹಾಗೇ ಇರಲಿ, ಇಡೀ ದೇಹವನ್ನು ನಿಮ್ಮ ಎಡಕ್ಕೆ 45 ಡಿಗ್ರಿ ತಿರುಗಿಸಿ. ಚೆಂಡಿನ ಬಲ ಅಂಚಿನಲ್ಲಿ ತೆಳುವಾದ ಬೆಳಕಿನ ಗೀಟು ಮೂಡುತ್ತದೆ. ಚೌತಿಯ ಆಸುಪಾಸಿನ ಚಂದ್ರ ಇದೇ; ಇದನ್ನು ಕುಡಿಚಂದ್ರ ಎನ್ನೋಣ.

ಇ) 90 ಡಿಗ್ರಿಗೆ ಬನ್ನಿ. ಬಲಭಾಗ ಅರ್ಧ ಬೆಳಗಿದೆ: ಶುಕ್ಲಪಕ್ಷದ, ಅಂದರೆ ಬೆಳೆಯುವ ಹದಿನೈದು ದಿನಗಳ, ಅರ್ಧಚಂದ್ರ.

ಈ) 135 ಡಿಗ್ರಿಯಲ್ಲಿ ಅರ್ಧಕ್ಕಿಂತ ಹೆಚ್ಚು, ಪೂರ್ತಿಗಿಂತ ಕಡಿಮೆ. ಇದನ್ನು ಉಬ್ಬುಚಂದ್ರ ಎನ್ನೋಣ.

ಉ) 180 ಡಿಗ್ರಿ. ಬಲ್ಬು ನಿಮ್ಮ ಬೆನ್ನ ಹಿಂದೆ, ಚೆಂಡು ಪೂರ್ತಿ ಬೆಳಗಿದೆ: ಹುಣ್ಣಿಮೆ. ಇಲ್ಲಿ ನಿಮ್ಮ ತಲೆಯ ನೆರಳು ಚೆಂಡಿನ ಮೇಲೆ ಬಿದ್ದರೆ ಅದು ಚಂದ್ರಗ್ರಹಣ, ಕಲೆ ಅಲ್ಲ. ಚೆಂಡನ್ನು ತಲೆಗಿಂತ ಮೇಲಕ್ಕೆತ್ತಿ ನೆರಳು ತಪ್ಪಿಸಿ.

ಊ) ಹಾಗೇ ಎಡಕ್ಕೆ ತಿರುಗುತ್ತ ಹೋಗಿ. ಈಗ ಬೆಳಕು ಬಲಗಡೆಯಿಂದ ಕರಗುತ್ತ ಎಡಭಾಗದಲ್ಲಿ ಮಾತ್ರ ಉಳಿಯುತ್ತದೆ. 270 ಡಿಗ್ರಿಯಲ್ಲಿ ಎಡ ಅರ್ಧ. ಇದು ಕೃಷ್ಣಪಕ್ಷ.

ಬಲಕ್ಕೆ ತಿರುಗಿದರೆ ಎಲ್ಲವೂ ಉಲ್ಟಾ ಬರುತ್ತದೆ. ಉತ್ತರ ಧ್ರುವದ ಮೇಲಿಂದ ನೋಡಿದರೆ ಚಂದ್ರ ಭೂಮಿಯನ್ನು ಸುತ್ತುವುದು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ; ಅದಕ್ಕೇ ಎಡಕ್ಕೆ ತಿರುಗಲು ಹೇಳಿದ್ದು.

ಕೆಲವರಿಗೆ 90 ಡಿಗ್ರಿಗೆ ಮುಂಚೆಯೇ ಚೆಂಡು ಅರ್ಧ ಬೆಳಗಿಬಿಡುತ್ತದೆ. ತಪ್ಪು ನಿಮ್ಮದಲ್ಲ, ಬಲ್ಬು ಹತ್ತಿರ ಇದೆ ಅಷ್ಟೇ. ಕಣ್ಣಿನಿಂದ ಚೆಂಡಿಗೆ 60 ಸೆಂ.ಮೀ., ಬಲ್ಬಿಗೆ 2 ಮೀಟರ್ ಇದ್ದರೆ ಅರ್ಧಚಂದ್ರ 73 ಡಿಗ್ರಿಗೇ ಬರುತ್ತದೆ. ಬಲ್ಬನ್ನು 3 ಮೀಟರಿಗೆ ಒಯ್ದರೆ 78 ಡಿಗ್ರಿ. ಬಲ್ಬು ದೂರವಾದಷ್ಟೂ ಈ ಕೋನ 90ರ ಸನಿಹಕ್ಕೆ ಬರುತ್ತದೆ. ಈ ವ್ಯತ್ಯಾಸ ಅಡಚಣೆ ಎನಿಸಿದರೂ ನಿಜಕ್ಕೂ ಒಂದು ಅಳತೆಗೋಲು. ಗ್ರೀಕ್ ಖಗೋಳಜ್ಞ ಅರಿಸ್ಟಾರ್ಕಸ್ ಕ್ರಿ.ಪೂ. 3ನೇ ಶತಮಾನದಲ್ಲಿ ಇದೇ ಉಪಾಯದಿಂದ ಸೂರ್ಯನ ದೂರ ಅಳೆಯಲು ಹೊರಟ. ಅರ್ಧಚಂದ್ರನ ಕೋನ 87 ಡಿಗ್ರಿ ಎಂದು ಹಿಡಿದು, ಸೂರ್ಯ ಚಂದ್ರನಿಗಿಂತ 18ರಿಂದ 20 ಪಟ್ಟು ದೂರ ಎಂದ. ನಿಜವಾದ ಕೋನ ಸುಮಾರು 89.85 ಡಿಗ್ರಿ, ದೂರ ಸುಮಾರು 390 ಪಟ್ಟು. ವಿಧಾನ ಸರಿಯಾಗಿಯೇ ಇತ್ತು. ಆದರೆ ಮೂರು ಡಿಗ್ರಿಯ ಈ ಸಣ್ಣ ತಪ್ಪು ಉತ್ತರವನ್ನು ಇಪ್ಪತ್ತು ಪಟ್ಟು ಕೆಡಿಸಿತು.

ಇನ್ನೊಂದು ಸುತ್ತು ಹೊಡೆಯುವ ಮುನ್ನ ಚೆಂಡಿನಲ್ಲಿ ನಿಮ್ಮ ಕಡೆಗಿರುವ ಭಾಗಕ್ಕೆ ಪೆನ್ನಿನಿಂದ ಒಂದು ಚುಕ್ಕೆ ಇಡಿ. ಸುತ್ತಿ ಬರುವಷ್ಟೂ ಹೊತ್ತು ಚುಕ್ಕೆ ನಿಮ್ಮನ್ನೇ ನೋಡುತ್ತಿರುತ್ತದೆ, ಬೆಳಕು ಮಾತ್ರ ಅದರ ಮೇಲೆ ಬಂದು ಹೋಗುತ್ತದೆ. ಚಂದ್ರ ಒಂದೇ ಮುಖ ತೋರಿಸುತ್ತಾನೆ ಎಂದರೆ ಇಷ್ಟೇ: ಒಂದು ಸಲ ಭೂಮಿಯನ್ನು ಸುತ್ತುವಷ್ಟರಲ್ಲಿ ತನ್ನ ಸುತ್ತಲೂ ಒಂದು ಸಲ ತಿರುಗಿರುತ್ತಾನೆ. ಆಚೆ ಮುಖವನ್ನು 'ಕತ್ತಲ ಮುಖ' ಎನ್ನುವುದು ಶುದ್ಧ ತಪ್ಪು; ಅಮಾವಾಸ್ಯೆಯಂದು ಬಿಸಿಲೆಲ್ಲ ಬೀಳುವುದು ಆ ಕಡೆಗೇ. ಚಂದ್ರನ ಮೇಲಿನ ಹೆಚ್ಚಿನ ಜಾಗಗಳಿಗೆ ನಮ್ಮ ಲೆಕ್ಕದಲ್ಲಿ ಹದಿನಾಲ್ಕೂ ಮುಕ್ಕಾಲು ದಿನ ಹಗಲು, ಅಷ್ಟೇ ದಿನ ರಾತ್ರಿ. ಚಂದ್ರಯಾನ-3ರ ಲ್ಯಾಂಡರ್ 2023ರ ಆಗಸ್ಟ್ 23ರಂದು ಇಳಿದಿದ್ದು ಆ ಜಾಗದಲ್ಲಿ ಬೆಳಗಾಗುತ್ತಿದ್ದಾಗ. ಸೌರಫಲಕಗಳಿಗೆ ಒಂದು ಪೂರ್ತಿ ಹಗಲು ಸಿಗಲಿ ಎಂಬುದು ಲೆಕ್ಕ.

ಹಂತ 4: ಅದೇ ಚೆಂಡನ್ನು ಬಿಸಿಲಿಗೆ ಒಯ್ಯಿರಿ

ಎಲ್ಲ ಹಂತಗಳಲ್ಲಿ ಇದನ್ನು ಮಾತ್ರ ಬಿಡಬೇಡಿ. ಇದನ್ನೊಮ್ಮೆ ಮಾಡಿದವರು ನೆರಳಿನ ಮಾತು ಮತ್ತೆ ಎತ್ತುವುದಿಲ್ಲ.

ಸೂರ್ಯ, ಚಂದ್ರ ಎರಡೂ ಆಕಾಶದಲ್ಲಿರುವ ಹೊತ್ತು ಆರಿಸಿ. ಅಮಾವಾಸ್ಯೆ ಕಳೆದು ಐದರಿಂದ ಹತ್ತು ದಿನದೊಳಗಾದರೆ ಮಧ್ಯಾಹ್ನ 3ರಿಂದ 5 ಗಂಟೆ; ಹುಣ್ಣಿಮೆ ಕಳೆದು ಐದರಿಂದ ಹತ್ತು ದಿನದೊಳಗಾದರೆ ಬೆಳಿಗ್ಗೆ 7ರಿಂದ 9 ಗಂಟೆ. ನೆರಳಿಲ್ಲದ ಬಯಲಿನಲ್ಲಿ ನಿಂತು, ತೋಳು ಚಾಚಿ, ಚೆಂಡನ್ನು ಚಂದ್ರನ ಪಕ್ಕಕ್ಕೇ ಬರುವಂತೆ ಹಿಡಿಯಿರಿ. ಚೆಂಡಿನ ಮೇಲೆ ಬಿಸಿಲು ಬೀಳುತ್ತಿರಬೇಕು. ಈಗ ಚೆಂಡು ಎಷ್ಟು ಬೆಳಗಿದೆಯೋ ಚಂದ್ರನೂ ಅಷ್ಟೇ ಬೆಳಗಿರುತ್ತಾನೆ. ವಾಲಿರುವ ಕೋನ ಕೂಡ ಅದೇ. ಚೆಂಡಿನ ಮೇಲಿರುವ ಕತ್ತಲಿಗೆ ಭೂಮಿಯ ನೆರಳು ಕಾರಣವಲ್ಲ ಎಂಬುದು ನಿಮ್ಮ ಕಣ್ಣೆದುರೇ ಇದೆ.

ಎಚ್ಚರಿಕೆ: ಸೂರ್ಯನತ್ತ ನೇರವಾಗಿ ನೋಡಬೇಡಿ. ಕೈಯಲ್ಲಿ ಬೈನಾಕ್ಯುಲರ್ ಇದ್ದರೆ ಈ ಹಂತ ಮುಗಿಯುವವರೆಗೆ ಪಕ್ಕಕ್ಕಿಡಿ. ತಪ್ಪಿ ಸೂರ್ಯನ ಕಡೆ ತಿರುಗಿದರೆ ಕಣ್ಣು ಶಾಶ್ವತವಾಗಿ ಹೋಗುತ್ತದೆ.

ಹಂತ 5: ಸಂಜೆಗಳ ದಾಖಲೆ

ಅಮಾವಾಸ್ಯೆಯ ಮರುದಿನ ಅಥವಾ ಅದರಾಚೆಯ ಸಂಜೆ ಶುರುಮಾಡಿ. ಅಮಾವಾಸ್ಯೆಯ ಕ್ಷಣ ಕಳೆದು ಒಂದು ದಿನವೂ ತುಂಬದ ಚಂದ್ರನನ್ನು ಬರಿಗಣ್ಣಿನಿಂದ ಹಿಡಿಯುವುದು ಕಷ್ಟ, ಕಾಣಲಿಲ್ಲವೆಂದು ಬೇಜಾರಾಗಬೇಡಿ. ಸೂರ್ಯ ಮುಳುಗಿದ 30–40 ನಿಮಿಷಕ್ಕೆ, ಪ್ರತಿದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಿಂತು ನಾಲ್ಕು ಸಂಗತಿ ಬರೆಯಿರಿ: ದಿಕ್ಕು, ದಿಗಂತದಿಂದ ಎಷ್ಟು ಮುಷ್ಟಿ ಎತ್ತರ, ಸೂರ್ಯ ಮುಳುಗಿದ ಜಾಗದಿಂದ ಎಷ್ಟು ಮುಷ್ಟಿ ದೂರ, ಮತ್ತು ಒಂದು ಚಿತ್ರ.

ಮೂರನೇ ದಿನಕ್ಕೇ ಲಯ ಗೊತ್ತಾಗುತ್ತದೆ. ಚಂದ್ರ ದಿನಕ್ಕೆ ಸುಮಾರು 12 ಡಿಗ್ರಿ, ಅಂದರೆ ಒಂದು ಮುಷ್ಟಿಗಿಂತ ತುಸು ಹೆಚ್ಚು, ಸೂರ್ಯನಿಂದ ಪೂರ್ವಕ್ಕೆ ಸರಿಯುತ್ತಾನೆ. ಪಂಚಾಂಗದ ತಿಥಿಯೂ ಇದೇ: ಸೂರ್ಯ–ಚಂದ್ರರ ಕೋನ 12 ಡಿಗ್ರಿ ಹೆಚ್ಚಿದರೆ ಒಂದು ತಿಥಿ, 360ಕ್ಕೆ 30. ಅರ್ಧಚಂದ್ರದ 90 ಡಿಗ್ರಿ ಬೀಳುವುದು ಅಷ್ಟಮಿಯ ನಟ್ಟನಡುವೆ. ಚಂದ್ರನ ವೇಗ ಒಂದೇ ಸಮ ಇಲ್ಲದ್ದರಿಂದ ತಿಥಿ ಒಂದು ದಿನಕ್ಕಿಂತ ಚಿಕ್ಕದೂ ಆಗುತ್ತದೆ, ದೊಡ್ಡದೂ ಆಗುತ್ತದೆ.

ದಾಖಲೆ ಕೆಡುವುದು ಸಾಮಾನ್ಯವಾಗಿ ಹೀಗೆ:

ದಿನಕ್ಕೊಂದು ಹೊತ್ತಿಗೆ ನೋಡುವುದು. ಭೂಮಿಯೇ ತಿರುಗುತ್ತಿರುವುದರಿಂದ ಒಂದು ಗಂಟೆಯಲ್ಲಿ ಆಕಾಶವೆಲ್ಲ 15 ಡಿಗ್ರಿ ಪಶ್ಚಿಮಕ್ಕೆ ಜಾರಿರುತ್ತದೆ. ಹೊತ್ತು ತಪ್ಪಿದರೆ ಚಂದ್ರನ ಸ್ವಂತ ನಡಿಗೆ ಈ ಜಾರಿಕೆಯಲ್ಲಿ ಮುಳುಗಿಹೋಗುತ್ತದೆ.

ಹುಣ್ಣಿಮೆಯಾದ ಮೇಲೆ ಸಂಜೆ ಹುಡುಕುವುದು. ಆಮೇಲೆ ಅವನು ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಬೆಳಗಿನ ಹೊತ್ತಿಗೆ ಬದಲಾಯಿಸಿಕೊಳ್ಳಿ.

ಕೊಂಬುಗಳನ್ನು ತಪ್ಪಾಗಿ ಬರೆಯುವುದು. ಕುಡಿಚಂದ್ರ ಎಷ್ಟೇ ತೆಳ್ಳಗಿರಲಿ, ಅದರ ಎರಡು ತುದಿಗಳು ಬಿಂಬದ ವ್ಯಾಸದ ಎರಡು ಕೊನೆಗಳಲ್ಲೇ ಇರುತ್ತವೆ. ಮುಕ್ಕಾಲು ವೃತ್ತ ಸುತ್ತಿಕೊಂಡ ಕುಡುಗೋಲು ಚಿತ್ರಗಳಲ್ಲಿ ಮಾತ್ರ ಸಿಗುತ್ತದೆ.

ಬಲ–ಎಡವನ್ನು ನೆಚ್ಚಿಕೊಳ್ಳುವುದು. ಬೆಳೆಯುವ ಚಂದ್ರನ ಬಲಭಾಗ ಬೆಳಗುವುದು ಉತ್ತರ ಅಕ್ಷಾಂಶಗಳಿಂದ ದಕ್ಷಿಣಕ್ಕೆ ಮುಖಮಾಡಿ ನೋಡಿದಾಗ. ದಕ್ಷಿಣಾರ್ಧ ಗೋಳದವರಿಗೆ ಎಡಭಾಗ. ಸಮಭಾಜಕ ವೃತ್ತದ ಆಸುಪಾಸಿನಲ್ಲಿ ಸಂಜೆಯ ಕುಡಿಚಂದ್ರನ ಎರಡು ಕೊಂಬೂ ಮೇಲ್ಮುಖವಾಗಿ, ಬೆಳಕು ಕೆಳಗಿರುತ್ತದೆ. ಎಲ್ಲೆಡೆಯೂ ನಡೆಯುವ ನಿಯಮ ಒಂದೇ: ಬೆಳಗಿದ ಅಂಚು ಸೂರ್ಯನ ಕಡೆಗೆ.

ಈ ನಿಯಮವೂ ಒಮ್ಮೊಮ್ಮೆ ಸುಳ್ಳೆನಿಸುತ್ತದೆ. ಸೂರ್ಯ ಪಶ್ಚಿಮದಲ್ಲಿ ಮುಳುಗುತ್ತಿರುವಾಗ ಪೂರ್ವದ ಉಬ್ಬುಚಂದ್ರನ ಬೆಳಗಿದ ಅಂಚು ಸೂರ್ಯನಿಗಿಂತ ಮೇಲಕ್ಕೆ ಗುರಿ ಇಟ್ಟಂತೆ ಕಾಣುತ್ತದೆ. ದಾರ ಬೇಕಾಗುವುದು ಆಗಲೇ. ಸೂರ್ಯ ಆಗತಾನೇ ಮುಳುಗಿದ ಮೇಲೆ, ದಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಕಣ್ಣಿನ ಮುಂದೆ ತನ್ನಿ. ಒಂದು ತುದಿ ಚಂದ್ರನ ಮೇಲೆ, ಇನ್ನೊಂದು ಸೂರ್ಯ ಮುಳುಗಿದ ಜಾಗದ ಮೇಲೆ ಬರಲಿ. ದಾರ ಚಂದ್ರನ ಬೆಳಗಿದ ಅಂಚನ್ನು ಸರಿಯಾಗಿ ನಡುವೆ ದಾಟುತ್ತದೆ. ಆಕಾಶದ ನೇರಗೆರೆ ನಮ್ಮ ಕಣ್ಣಿಗೆ ಬಾಗಿದಂತೆ ತೋರುವುದೇ ಇಲ್ಲಿನ ಗೊಂದಲ.

ತೆಳು ಚಂದ್ರ ಇರುವಾಗ ಉಳಿದ ಬಿಂಬವೂ ಮಂದವಾಗಿ ಕಂಡರೆ ಅದನ್ನೂ ಬರೆದುಕೊಳ್ಳಿ. ಅದು ಭೂಮಿಯಿಂದ ಚಿಮ್ಮಿ ಹೋದ ಬಿಸಿಲು, ಭೂಕಾಂತಿ ಎನ್ನೋಣ. ಹದಿನಾರನೇ ಶತಮಾನದ ಆರಂಭದಲ್ಲೇ ಲಿಯೊನಾರ್ಡೊ ಡ ವಿಂಚಿ ಇದರ ಕಾರಣವನ್ನು ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದ. ಬೈನಾಕ್ಯುಲರ್ ಇರುವವರಿಗೆ ಒಂದು ಮಾತು: ಕುಳಿ, ಬೆಟ್ಟ ನೋಡಲು ಹುಣ್ಣಿಮೆ ಅತ್ಯಂತ ಕೆಟ್ಟ ದಿನ. ಬೆಳಕು–ಕತ್ತಲೆ ಸೇರುವ ಗೆರೆಯುದ್ದಕ್ಕೂ ನೋಡಿ; ಅಲ್ಲಿ ಬಿಸಿಲು ಓರೆಯಾಗಿ ಬಿದ್ದು ನೆರಳು ಉದ್ದವಾಗಿರುತ್ತದೆ. ಅರ್ಧಚಂದ್ರನ ಬೆಳಕು ಹುಣ್ಣಿಮೆಯ ಅರ್ಧವಲ್ಲ, ಹೆಚ್ಚುಕಡಿಮೆ ಹತ್ತನೇ ಒಂದು ಪಾಲು. ಅದಕ್ಕೆ ದೊಡ್ಡ ಕಾರಣವೂ ಈ ನೆರಳುಗಳೇ.

ಹಂತ 6: ಆಕಾರದಿಂದ ಹೊತ್ತು, ಹೊತ್ತಿನಿಂದ ಆಕಾರ

ಸೂರ್ಯ 6ಕ್ಕೆ ಹುಟ್ಟಿ 6ಕ್ಕೆ ಮುಳುಗುವ ದಿನಕ್ಕೆ ಈ ಪಟ್ಟಿ. ಋತು, ಅಕ್ಷಾಂಶಕ್ಕೆ ತಕ್ಕಂತೆ ಒಂದು ಗಂಟೆಗೂ ಮೀರಿ ಆಚೀಚೆ ಆಗಬಹುದು.

ಅಮಾವಾಸ್ಯೆ: ಹುಟ್ಟು ಬೆಳಿಗ್ಗೆ 6, ನೆತ್ತಿ ಮಧ್ಯಾಹ್ನ 12, ಮುಳುಗು ಸಂಜೆ 6
ಬೆಳೆಯುವ ಕುಡಿಚಂದ್ರ: ಬೆಳಿಗ್ಗೆ 9, ಮಧ್ಯಾಹ್ನ 3, ರಾತ್ರಿ 9
ಶುಕ್ಲಪಕ್ಷದ ಅರ್ಧ: ಮಧ್ಯಾಹ್ನ 12, ಸಂಜೆ 6, ನಡುರಾತ್ರಿ 12
ಬೆಳೆಯುವ ಉಬ್ಬುಚಂದ್ರ: ಮಧ್ಯಾಹ್ನ 3, ರಾತ್ರಿ 9, ನಸುಕು 3
ಹುಣ್ಣಿಮೆ: ಸಂಜೆ 6, ನಡುರಾತ್ರಿ 12, ಬೆಳಿಗ್ಗೆ 6
ಕರಗುವ ಉಬ್ಬುಚಂದ್ರ: ರಾತ್ರಿ 9, ನಸುಕು 3, ಬೆಳಿಗ್ಗೆ 9
ಕೃಷ್ಣಪಕ್ಷದ ಅರ್ಧ: ನಡುರಾತ್ರಿ 12, ಬೆಳಿಗ್ಗೆ 6, ಮಧ್ಯಾಹ್ನ 12
ಕರಗುವ ಕುಡಿಚಂದ್ರ: ನಸುಕು 3, ಬೆಳಿಗ್ಗೆ 9, ಮಧ್ಯಾಹ್ನ 3

ಇದನ್ನು ಕಂಠಪಾಠ ಮಾಡುವ ಗೋಜು ಬೇಡ. ಪ್ರತಿ ಸಾಲೂ ಹಿಂದಿನದಕ್ಕಿಂತ 3 ಗಂಟೆ ತಡ. ಚಂದ್ರ 45 ಡಿಗ್ರಿ ಸರಿದಿದ್ದಾನೆ, ಭೂಮಿ ಅಷ್ಟು ತಿರುಗಲು 3 ಗಂಟೆ ಬೇಕು, ಅಷ್ಟೇ.

ಬೆಳಗಿದ ಪಾಲು ಮಾತ್ರ ದಿನದಿನಕ್ಕೂ ಒಂದೇ ಸಮ ಏರುವುದಿಲ್ಲ. ಅಮಾವಾಸ್ಯೆಯಿಂದ ಕಳೆದ ದಿನಗಳನ್ನು ಚಂದ್ರನ ವಯಸ್ಸು ಎನ್ನುತ್ತಾರೆ. ವಯಸ್ಸನ್ನು 12.2ರಿಂದ ಗುಣಿಸಿದರೆ ಕೋನ. ಆ ಕೋನದ ಕೊಸೈನನ್ನು (ಕ್ಯಾಲ್ಕುಲೇಟರಿನ cos) 1ರಿಂದ ಕಳೆದು 2ರಿಂದ ಭಾಗಿಸಿದರೆ ಬೆಳಗಿದ ಪಾಲು. 60 ಡಿಗ್ರಿಗೆ ಶೇ. 25, 90ಕ್ಕೆ ಶೇ. 50, 120ಕ್ಕೆ ಶೇ. 75. ಅರ್ಧಚಂದ್ರದ ಆಸುಪಾಸಿನಲ್ಲಿ ಒಂದೇ ದಿನಕ್ಕೆ ಶೇ. 10ರಷ್ಟು ಹೆಚ್ಚುತ್ತದೆ. ಹುಣ್ಣಿಮೆಯ ಹಿಂದಿನ ದಿನ ಆಗಲೇ ಶೇ. 99 ಬೆಳಗಿರುತ್ತದೆ. 'ನಿನ್ನೆಯೂ ಹುಣ್ಣಿಮೆ, ಇವತ್ತೂ ಹುಣ್ಣಿಮೆ' ಎನಿಸುವುದು ಇದರಿಂದಲೇ.

ಯಾವುದೇ ತಾರೀಖಿನ ವಯಸ್ಸು ಬೇಕಿದ್ದರೆ 2000ದ ಜನವರಿ 6ರ ಅಮಾವಾಸ್ಯೆಯಿಂದ ದಿನಗಳನ್ನು ಎಣಿಸಿ, 29.53059ರಿಂದ ಭಾಗಿಸಿ, ಶೇಷ ನೋಡಿ. ಒಂದು ಅಮಾವಾಸ್ಯೆಯಿಂದ ಮುಂದಿನದಕ್ಕೆ ಸರಾಸರಿ ಅಷ್ಟು ದಿನ, ಅದೇ ಒಂದು ಚಾಂದ್ರಮಾಸ. ಚಂದ್ರಯಾನ-3 ಇಳಿದ ದಿನವನ್ನೇ ತೆಗೆದುಕೊಳ್ಳಿ: 8,630 ದಿನ. ಅದರಲ್ಲಿ 292 ಪೂರ್ತಿ ಚಾಂದ್ರಮಾಸ, ಅಂದರೆ 8,623 ದಿನ ಹೋದರೆ ಶೇಷ 7. ಅರ್ಧಚಂದ್ರಕ್ಕೆ 7.4 ದಿನ ಬೇಕು. ಮರುದಿನವೇ ಅರ್ಧಚಂದ್ರ ಆಗಿತ್ತು. ಈ ಲೆಕ್ಕ ಅರ್ಧದಿಂದ ಒಂದು ದಿನದವರೆಗೆ ತಪ್ಪಬಹುದು. 29.53 ಎಂದು ಮೊಟಕು ಮಾಡಿದರೆ ವರ್ಷ ಕಳೆದಂತೆ ತಪ್ಪು ಬೆಳೆಯುತ್ತ ಹೋಗುತ್ತದೆ, ಆದ್ದರಿಂದ ಐದೂ ದಶಮಾಂಶ ಇರಲಿ.

ಚಂದ್ರ 27.3 ದಿನಕ್ಕೇ ಒಂದು ಸುತ್ತು ಮುಗಿಸುತ್ತಾನೆ ಎಂದು ಓದಿದವರು ಇಲ್ಲಿ ತಕರಾರು ತೆಗೆಯುತ್ತಾರೆ. ಎರಡೂ ನಿಜ. ರೋಹಿಣಿ ಅಥವಾ ಚಿತ್ತಾ ನಕ್ಷತ್ರದ ಪಕ್ಕದಿಂದ ಹೊರಟ ಚಂದ್ರ 27.3 ದಿನಕ್ಕೆ ಅಲ್ಲಿಗೇ ವಾಪಸಾಗುತ್ತಾನೆ. ಅಷ್ಟರಲ್ಲಿ ಭೂಮಿ ಸೂರ್ಯನ ಸುತ್ತ 27 ಡಿಗ್ರಿ ಮುಂದೆ ಹೋಗಿರುತ್ತದೆ. ಸೂರ್ಯನ ಲೆಕ್ಕದಲ್ಲಿ ಸುತ್ತು ಪೂರ್ತಿಯಾಗಲು ಇನ್ನೂ ಎರಡು ದಿನಕ್ಕಿಂತ ತುಸು ಹೆಚ್ಚು ನಡೆಯಬೇಕು. ಕಲೆಗೆ ಲೆಕ್ಕಕ್ಕೆ ಬರುವುದು 29.5 ಮಾತ್ರ.

ಹಂತ 7: ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ

ಎರಡನೇ ಹಂತದ ಗೋಲಿಯ ಬಳಿಗೆ ಹೋಗಿ. ಚಂದ್ರನ ಪಥ ಭೂಮಿಯ ಪಥಕ್ಕೆ ಸುಮಾರು 5.1 ಡಿಗ್ರಿ ಓರೆ. 3.84 ಮೀಟರ್ ದೂರದಲ್ಲಿ ಅದು 34 ಸೆಂ.ಮೀ. ಆಗುತ್ತದೆ. ಗೋಲಿಯನ್ನು 34 ಸೆಂ.ಮೀ. ಮೇಲಕ್ಕೆತ್ತಿ ಹಿಡಿಯಿರಿ. ನೆರಳು ಕೇವಲ 9 ಸೆಂ.ಮೀ. ಅಗಲ, ಅಂದರೆ ನಡುವಿನಿಂದ ಮೇಲಕ್ಕೆ ನಾಲ್ಕೂವರೆ. ಗೋಲಿ ಎಷ್ಟೋ ಮೇಲೆ ಹಾದುಹೋಗುತ್ತದೆ. ಎರಡು ಪಥಗಳು ಒಂದನ್ನೊಂದು ದಾಟುವ ಬಿಂದುಗಳ ಹತ್ತಿರ ಹುಣ್ಣಿಮೆಯಾದರೆ ಚಂದ್ರಗ್ರಹಣ, ಅಮಾವಾಸ್ಯೆಯಾದರೆ ಸೂರ್ಯಗ್ರಹಣ. ಈ ಬಿಂದುಗಳಿಗೇ ರಾಹು, ಕೇತು ಎಂದು ಹೆಸರು. ಎರಡೂ ಬಗೆಯ ಗ್ರಹಣ ಸೇರಿ ವರ್ಷಕ್ಕೆ ಕನಿಷ್ಠ ನಾಲ್ಕು, ಹೆಚ್ಚೆಂದರೆ ಏಳು. ಗ್ರಹಣಕ್ಕೆ ಭೂಮಿಯ ಮತ್ತು ಚಂದ್ರನ ನೆರಳೇ ಕಾರಣ ಎಂದು ಆರ್ಯಭಟ 499ರಲ್ಲೇ ಬರೆದಿದ್ದಾನೆ.

ಹಂತ 8: ಪರೀಕ್ಷೆ

ಉತ್ತರ ಓದುವ ಮೊದಲು ಚೆಂಡು ಹಿಡಿದು ಯೋಚಿಸಿ.

ನಡುರಾತ್ರಿ ನೆತ್ತಿಯ ಮೇಲೆ ಕುಡಿಚಂದ್ರ ಇರುವ ಚಿತ್ರ ಸರಿಯೇ? ತಪ್ಪು. ಕುಡಿಚಂದ್ರ ಸೂರ್ಯನ ಸಮೀಪವೇ ಇರಬೇಕು. ನಡುರಾತ್ರಿ ಸೂರ್ಯ ಕಾಲಡಿಯಲ್ಲಿರುತ್ತಾನೆ.

ಕೊಂಬುಗಳ ನಡುವೆ ನಕ್ಷತ್ರ ಕೂರಬಹುದೇ? ಇಲ್ಲ. ಅಲ್ಲಿರುವುದು ಖಾಲಿ ಆಕಾಶವಲ್ಲ, ಚಂದ್ರನ ಕತ್ತಲ ಭಾಗ.

ನಡುರಾತ್ರಿ ಪೂರ್ವದಲ್ಲಿ ಹುಟ್ಟುತ್ತಿರುವ ಅರ್ಧಚಂದ್ರ ಬೆಳೆಯುತ್ತಿದ್ದಾನೋ, ಕರಗುತ್ತಿದ್ದಾನೋ? ಕರಗುತ್ತಿದ್ದಾನೆ. ಬೆಳಗಿದ ಅಂಚು ಪೂರ್ವ ದಿಗಂತದ ಕಡೆಗಿರುತ್ತದೆ, ಏಕೆಂದರೆ ಸೂರ್ಯ ಬರಬೇಕಾದ್ದು ಅಲ್ಲಿಂದ.

ಹುಣ್ಣಿಮೆಯ ಚಂದ್ರ ಮಧ್ಯಾಹ್ನ 12ಕ್ಕೆ ಕಾಣಬಹುದೇ? ಹೆಚ್ಚಿನ ಜಾಗಗಳಲ್ಲಿ ಇಲ್ಲ. ಧ್ರುವಗಳ ಸಮೀಪ ಚಳಿಗಾಲದಲ್ಲಿ ಮಾತ್ರ ಕಾಣಬಹುದು. ಅಲ್ಲಿ ಆಗ ಸೂರ್ಯ ಹುಟ್ಟುವುದೇ ಇಲ್ಲ, ಹುಣ್ಣಿಮೆಯ ಚಂದ್ರ ಮುಳುಗುವುದಿಲ್ಲ.

ನಮಗೆ ಹುಣ್ಣಿಮೆಯಾದಾಗ ಚಂದ್ರನ ಮೇಲೆ ನಿಂತವರಿಗೆ ಭೂಮಿ ಹೇಗೆ ಕಾಣುತ್ತದೆ? ಪೂರ್ತಿ ಕತ್ತಲೆ; ಅವರಿಗೆ ಅದು ಭೂಮಿಯ ಅಮಾವಾಸ್ಯೆ. ನಮ್ಮ ಬಿದಿಗೆಯಂದು ಅವರಿಗೆ ಹೆಚ್ಚುಕಡಿಮೆ ತುಂಬಿದ ಭೂಮಿ, ಆಗ ಭೂಕಾಂತಿ ಚೆನ್ನಾಗಿ ಕಾಣುವುದೂ ಅದಕ್ಕೇ. ಹುಣ್ಣಿಮೆಯಂದು ನಾವು ಚಂದ್ರಗ್ರಹಣ ನೋಡುತ್ತಿದ್ದರೆ ಅವರು ನೋಡುತ್ತಿರುವುದು ಸೂರ್ಯಗ್ರಹಣ.